ಕೊಡತಿಯ ಒಂದು ಏಟಿಗೆ ಹಲಗೆ ಭದ್ರ

ಮನೆಯಲ್ಲೇ ಮರಗೆಲಸ ಮಾಡಬೇಕೆಂದು ಹೊರಟವರು ಮೊದಲು ಉಳಿ, ಗರಗಸ ಕೊಳ್ಳುತ್ತಾರೆ. ಆಮೇಲೆ ಡ್ರಿಲ್ಲು. ಎರಡೂ ಕೈ ಉಪಕರಣದ ಮೇಲಿದ್ದರೆ ಮರವನ್ನು ಹಿಡಿದುಕೊಳ್ಳುವವರು ಯಾರು ಎಂಬ ಪ್ರಶ್ನೆ ಏಳುವುದು ಕೆಲಸಕ್ಕೆ ನಿಂತ ಮೇಲೆ. ಉಳಿ ಎಷ್ಟೇ ಹರಿತವಿರಲಿ, ಹಲಗೆ ಅಲ್ಲಾಡಿದರೆ ಗೆರೆ ತಪ್ಪುತ್ತದೆ. ಎಡಗೈಯಲ್ಲಿ ಹಲಗೆ ಒತ್ತಿ ಬಲಗೈಯಲ್ಲಿ ಉಳಿ ತಳ್ಳುವ ಅಭ್ಯಾಸವಂತೂ ತೀರಾ ಅಪಾಯದ್ದು. ಜಾರಿದ ಉಳಿ ಹೋಗಿ ನಿಲ್ಲುವುದು ಆ ಎಡಗೈಯಲ್ಲೇ.

ನಮ್ಮ ಕಡೆಯ ಹಳೆಯ ಆಚಾರಿಗಳು ನೆಲದ ಮೇಲೆ ಕೂತು, ಮರವನ್ನು ಪಾದದಡಿ ಒತ್ತಿಕೊಂಡು ಕೆತ್ತುತ್ತಾರೆ. ಮರ ತಿರುಗಬೇಕಾದಾಗ ಕಾಲ್ಬೆರಳೇ ಅದನ್ನು ತಿರುಗಿಸುತ್ತದೆ. ಅದು ಎಳವೆಯಿಂದ ಪಳಗಿದ ಕಾಲು. ಗಣಿತ ಪಾಠ ಮಾಡಿ ನಿವೃತ್ತನಾದ ಮೇಲೆ ಉಳಿ ಹಿಡಿದ ನನಗೆ ಆ ವಿದ್ಯೆ ಬರುವ ವಯಸ್ಸಲ್ಲ. ನಾನು ನಿಂತೇ ಕೆಲಸ ಮಾಡಬೇಕು, ನಿಂತು ಮಾಡಲು ಬೆಂಚ್ ಬೇಕು, ಬೆಂಚಿನ ಮೇಲೆ ಆಚಾರಿಯ ಪಾದದ ಕೆಲಸ ಮಾಡುವಂಥದ್ದು ಏನಾದರೂ ಬೇಕು. ಪುತ್ತೂರಿನ ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಆ ಕೆಲಸ ಮಾಡುತ್ತಿರುವುದು ಹೋಲ್ಡ್‌ಫಾಸ್ಟ್ ಎಂಬ ಎರಡು ಕಬ್ಬಿಣದ ಕೊಕ್ಕೆಗಳು.

ನೋಡಲು ಅದು ಬಾಗಿಸಿದ ಸಲಾಕೆ, ಅಷ್ಟೇ. ಉದ್ದನೆಯ ಕಾಲು, ಮೇಲೆ ಒಂದು ಕಡೆಗೆ ಬಾಗಿದ ತೋಳು, ತೋಳಿನ ತುದಿಯಲ್ಲಿ ತಟ್ಟಿ ಚಪ್ಪಟೆ ಮಾಡಿದ ನಾಲಿಗೆ. ಬೆಂಚಿನ ತೂತಿನೊಳಗೆ ಕಾಲನ್ನು ಇಳಿಬಿಟ್ಟು, ನಾಲಿಗೆಯನ್ನು ಹಲಗೆಯ ಮೇಲೆ ಕೂರಿಸಿ, ತೋಳಿನ ಬಾಗಿನ ಮೇಲೆ ಕೊಡತಿಯಿಂದ ಒಂದು ಏಟು ಹಾಕಿದರೆ ಮುಗಿಯಿತು. ಹಲಗೆ ಬೆಂಚಿಗೆ ಅಂಟಿದಂತೆ ನಿಲ್ಲುತ್ತದೆ. ಬಿಡಿಸಬೇಕೆ? ಕೊಕ್ಕೆಯ ಬೆನ್ನಿಗೆ, ಅಂದರೆ ತೋಳು ಚಾಚಿದ ಕಡೆಯ ಎದುರು ಬದಿಗೆ, ಒಂದು ತಟ್ಟು. ಕಳಚಿಕೊಂಡಿತು.

ನಾನು ಚಿತ್ರ ಬರೆದುಕೊಂಡು ಕಮ್ಮಾರನ ಕುಲುಮೆಗೆ ಹೋದಾಗ ಅವನು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದ: “ಸ್ಕ್ರೂ ಎಲ್ಲಿ ಮಾಷ್ಟ್ರೇ? ಸ್ಕ್ರೂ ಇಲ್ಲದೆ ಇದು ಹಿಡಿಯುವುದು ಹೇಗೆ?”

ಸರಿಯಾದ ಪ್ರಶ್ನೆ. ಮೇಜಿನ ಡ್ರಾಯರನ್ನು ಒಂದೇ ಮೂಲೆಯಲ್ಲಿ ಹಿಡಿದು ಎಳೆದರೆ ಅದು ಓರೆಯಾಗಿ ಸಿಕ್ಕಿಕೊಂಡು ಬಿಡುತ್ತದಲ್ಲ, ಇಲ್ಲಿಯೂ ಆಗುವುದು ಅದೇ. ತೂತು ಸಲಾಕೆಗಿಂತ ಚೂರು ಸಡಿಲ. ನಾಲಿಗೆ ಹಲಗೆಯನ್ನು ಕೆಳಕ್ಕೆ ಒತ್ತಿದಾಗ ಹಲಗೆ ನಾಲಿಗೆಯನ್ನು ಮೇಲಕ್ಕೆ ಒತ್ತುತ್ತದೆ. ಅದರಿಂದ ಕಾಲು ಕೂದಲೆಳೆಯಷ್ಟು ವಾಲಿ ತೂತಿನ ಮೇಲಂಚಿನ ಒಂದು ಬದಿಗೂ ಕೆಳಂಚಿನ ಇನ್ನೊಂದು ಬದಿಗೂ ಕಚ್ಚಿಕೊಳ್ಳುತ್ತದೆ. ಹಿಡಿತವೆಲ್ಲ ಆ ಎರಡು ಜಾಗದ ಘರ್ಷಣೆಯದು. ಬಾಗಿದ ತೋಳಿನ ಸ್ಪ್ರಿಂಗಿನಂಥ ಗುಣ ಒತ್ತಡವನ್ನು ಬಿಡದೆ ಕಾಯುತ್ತದೆ.

ಈ ಲೆಕ್ಕವನ್ನು ಸ್ವಲ್ಪ ಮುಂದುವರಿಸುತ್ತೇನೆ, ಯಾಕೆಂದರೆ ಬೆಂಚ್ ಎಷ್ಟು ದಪ್ಪವಿರಬೇಕೆಂಬುದು ಇದರಲ್ಲೇ ಇದೆ. ಕಾಲಿನಿಂದ ನಾಲಿಗೆಗೆ 15 ಸೆಂಟಿಮೀಟರ್ ದೂರವಿದ್ದು ಬೆಂಚಿನ ಹಲಗೆ 7.5 ಸೆಂಟಿಮೀಟರ್ ದಪ್ಪವಿದ್ದರೆ, ಕಚ್ಚುವ ಪ್ರತಿಯೊಂದು ಜಾಗದಲ್ಲೂ ಬೀಳುವ ಒತ್ತಡ ನಾಲಿಗೆ ಒತ್ತುವುದರ ಎರಡು ಪಟ್ಟು. ದಪ್ಪ 15 ಸೆಂಟಿಮೀಟರ್ ಆದರೆ ಅದು ಒಂದೇ ಪಟ್ಟಿಗೆ ಇಳಿಯುತ್ತದೆ. ಬೆಂಚ್ ದಪ್ಪಗಾದಷ್ಟೂ ಹಿಡಿತ ಹೆಚ್ಚುತ್ತದೆಂದು ನಾವು ಎಣಿಸುತ್ತೇವೆ. ಹೋಲ್ಡ್‌ಫಾಸ್ಟ್ ವಿಷಯದಲ್ಲಿ ಅದು ತಲೆಕೆಳಗು. ಹಾಗೆಂದು ತೀರಾ ತೆಳುವಾದ ಪ್ಲೈವುಡ್ ಮೇಜೂ ಆಗದು; ಅಲ್ಲಿ ಒತ್ತಡ ವಿಪರೀತವಾಗಿ ತೂತಿನ ಅಂಚೇ ನಜ್ಜುಗುಜ್ಜಾಗುತ್ತದೆ. ಎರಡರಿಂದ ಮೂರು ಇಂಚು ದಪ್ಪ ಹದವಾದದ್ದು. ಇರುವ ಬೆಂಚ್ ತೆಳುವಾಗಿದ್ದರೆ ತೂತಿನ ಜಾಗದ ಅಡಿಗೆ ಗಟ್ಟಿಮರದ ತುಂಡೊಂದನ್ನು ಅಂಟಿಸಿ. ತೀರಾ ದಪ್ಪವಿದ್ದರೆ ಅಡಿಯಿಂದ ತೂತನ್ನು ಅಗಲಿಸಿ ಕಚ್ಚುವ ಭಾಗವನ್ನು ಕಡಿಮೆ ಮಾಡಿ.

ಸಲಾಕೆ 18 ಮಿಲಿಮೀಟರಿನ ಎಂ.ಎಸ್. ರಾಡ್, ತೂತು 20 ಮಿಲಿಮೀಟರ್. ಕಮ್ಮಾರ ಅದನ್ನು ಕೆಂಪಗೆ ಕಾಯಿಸಿ ಬಾಗಿಸಿದ, ತುದಿ ತಟ್ಟಿದ. ನಾನು ಅವನಿಗೆ ಒತ್ತಿ ಹೇಳಿದ್ದು ಒಂದೇ: ನಾಲಿಗೆ ಬೆಂಚಿಗೆ ಸಮವಾಗಿರುವುದು ಬೇಡ, ತುದಿ ಸ್ವಲ್ಪ ಕೆಳಮುಖವಾಗಿರಲಿ. ಕಾಲು ವಾಲಿದಾಗ ತುದಿ ಚೂರು ಮೇಲೇಳುವುದರಿಂದ, ಮೊದಲೇ ಸಮವಿದ್ದರೆ ಕೊನೆಗೆ ನಾಲಿಗೆಯ ಬುಡ ಮಾತ್ರ ಮರಕ್ಕೆ ತಾಗುತ್ತದೆ. ಅಂಗಡಿಯಲ್ಲಿ ಕೊಳ್ಳುವವರು ಅಗ್ಗವೆಂದು ಎರಕದ ಕಬ್ಬಿಣದ್ದನ್ನು ತರಬೇಡಿ. ಅದು ಬಾಗುವ ಜಾತಿಯಲ್ಲ, ಏಟಿಗೆ ಒಡೆಯುತ್ತದೆ.

ಕಾಲಿಗೆ ಎಣ್ಣೆ ಹಚ್ಚಲೇಬಾರದು. ಕರಾವಳಿಯ ಮಳೆಗಾಲದಲ್ಲಿ ಕಬ್ಬಿಣ ಕಂಡರೆ ತೆಂಗಿನೆಣ್ಣೆ ಸವರುವುದು ನಮ್ಮ ಕೈಗೆ ರೂಢಿ, ಆದರೆ ಇಲ್ಲಿ ಜಾರಿದರೆ ಕೆಲಸವೇ ಕೆಟ್ಟಿತು. ಬದಲಿಗೆ ಕಾಲನ್ನು ಒರಟು ಉಪ್ಪುಕಾಗದದಿಂದ ಅಡ್ಡಡ್ಡ ಉಜ್ಜಿ ತರಚಿಡಿ.

ಇದರ ನಿಜವಾದ ಬೆಲೆ ನನಗೆ ತಿಳಿದದ್ದು ಚೆನ್ನೆಮಣೆ ಕೆತ್ತುವಾಗ. ಆಟಿ ತಿಂಗಳ ಮಳೆಗೆ ಒಳಗೆ ಕೂತು ಆಡುವ ಆಟ. ಹಲಸಿನ ಹಲಗೆಯಲ್ಲಿ ಏಳೇಳರಂತೆ ಎರಡು ಸಾಲು, ಒಟ್ಟು 14 ಗುಳಿ. ಗುಳಿಯೆಂದರೆ ಬಟ್ಟಲಿನಂತೆ ಉರುಟಾದದ್ದು. ಬಾಗಿದ ಬಾಯಿಯ ಉಳಿಯನ್ನು ಅಂಚಿನಿಂದ ನಡುವಿಗೆ ಇಳಿಸುತ್ತಾ ಬರಬೇಕು. ಅದೇ ದಿಕ್ಕಿನಲ್ಲಿ ನಡು ದಾಟಿ ಆಚೆ ಬದಿಗೆ ಏರಿದರೆ ಮರದ ಎಳೆ ಎದುರು ಬೀಳುತ್ತದೆ, ಉಳಿ ಸೀಳತೊಡಗುತ್ತದೆ. ಆಗ ಹಲಗೆಯನ್ನು ತಿರುಗಿಸಲೇಬೇಕು. ಅಂದರೆ ಪ್ರತಿ ಗುಳಿಗೂ ಹತ್ತಾರು ಸಲ ಬಿಡಿಸುವುದು, ತಿರುಗಿಸುವುದು, ಮತ್ತೆ ಕಟ್ಟುವುದು. ಜಿ-ಕ್ಲಾಂಪಿನ ಸ್ಕ್ರೂ ತಿರುವುತ್ತಾ ಕೂತರೆ ಅರ್ಧ ಹೊತ್ತು ಅದಕ್ಕೇ ಹೋಗುತ್ತದೆ. ಮೇಲಾಗಿ ಕ್ಲಾಂಪ್ ಬೆಂಚಿನ ಅಂಚಿಗಷ್ಟೇ ಎಟಕುವುದು. ಹೋಲ್ಡ್‌ಫಾಸ್ಟ್ ಬೆಂಚಿನ ನಟ್ಟನಡುವೆ ಹಿಡಿಯುತ್ತದೆ. ಬೆನ್ನಿಗೊಂದು ತಟ್ಟು, ಹಲಗೆ ತಿರುಗಿಸು, ನೆತ್ತಿಗೊಂದು ಏಟು. ಕೈಯ ಲಯ ತಪ್ಪುವುದಿಲ್ಲ. ಎರಡೂ ಕೈ ಉಳಿಯ ಬಾಯಿಯ ಹಿಂದೆಯೇ ಇರುತ್ತವೆ. ನಾಲಿಗೆಯ ಗುರುತು ಮೆದುಮರದ ಮೇಲೆ ಬೀಳದಂತೆ ನಡುವೆ ಚಪ್ಪಲಿಯ ಹಳೇ ಚರ್ಮವನ್ನೋ ಪ್ಲೈವುಡ್ ತುಂಡನ್ನೋ ಇಟ್ಟರೆ ಸಾಕು.

ಹತ್ತರಿ ಹೊಡೆಯುವಾಗ ನಾಲಿಗೆ ಹಲಗೆಯ ಮೇಲಿದ್ದರೆ ದಾರಿಗೆ ಅಡ್ಡ. ಅದಕ್ಕೊಂದು ಜಾಣ ಉಪಾಯವಿದೆ. ಒಂದು ಪಟ್ಟಿಯ ತುದಿಯಲ್ಲಿ ಇಂಗ್ಲಿಷಿನ ವಿ ಆಕಾರದ ಕಚ್ಚು ಕತ್ತರಿಸಿ, ಆ ಕಚ್ಚಿನೊಳಗೆ ಹಲಗೆಯ ಹಿಂದಿನ ಮೂಲೆ ಸಿಗುವಂತೆ ಮಾಡಿ, ಪಟ್ಟಿಯನ್ನು ಹೋಲ್ಡ್‌ಫಾಸ್ಟಿನಿಂದ ಭದ್ರಪಡಿಸುವುದು. ಹಲಗೆಯ ಮುಂದಿನ ತುದಿ ಬೆಂಚಿನ ಗೂಟಕ್ಕೆ ಆನಿಕೊಂಡಿರುತ್ತದೆ. ಮೇಲ್ಮೈ ಪೂರ್ತಿ ತೆರವು, ಹಲಗೆ ಪಕ್ಕಕ್ಕೂ ಸರಿಯದು.

ಇದೇನೂ ಹೊಸ ಸಂಶೋಧನೆಯಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯಡಿ ಹೂತುಹೋದ ಇಟಲಿಯ ಹರ್ಕ್ಯುಲೇನಿಯಂ ಪಟ್ಟಣದ ಗೋಡೆಚಿತ್ರವೊಂದರಲ್ಲಿ ಬಡಗಿ ಬೆಂಚಿನ ಮೇಲೆ ಇಂಥದೇ ಕೊಕ್ಕೆ ಕಾಣುತ್ತದೆ. ಸ್ವತಃ ಬಡಗಿಯಾಗಿದ್ದ ಫ್ರಾನ್ಸಿನ ಆಂದ್ರೆ ರೂಬೋ 1769ರಿಂದ ಪ್ರಕಟಿಸತೊಡಗಿದ ಮರಗೆಲಸದ ಮಹಾಗ್ರಂಥದಲ್ಲೂ ಬೆಂಚಿನ ಜೊತೆ ಅದರ ಚಿತ್ರವಿದೆ. ಇಷ್ಟು ಕಾಲ ಕಳೆದರೂ ಅದರ ಆಕಾರ ಹೆಚ್ಚು ಬದಲಾಗಿಲ್ಲ.

ಎಲ್ಲದಕ್ಕೂ ಇದೇ ಆಗುತ್ತದೆಂದು ನಾನು ಹೇಳುವುದಿಲ್ಲ. ಅಂಟು ಹಾಕಿ ಹಲಗೆ ಜೋಡಿಸಲು ಕ್ಲಾಂಪೇ ಬೇಕು. ಅಪಾರ್ಟ್‌ಮೆಂಟಿನಲ್ಲಿ ಇರುವವರು ರಾತ್ರಿ ಹೊತ್ತು ಇದನ್ನು ಹೊಡೆದರೆ ಕೆಳಮನೆಯವರ ನಿದ್ದೆ ಹೋದೀತು.

ಬೆಂಚಿಗೆ ತೂತು ಕೊರೆಯುವವರಿಗೆ ಒಂದೆರಡು ಮಾತು. ಎಲ್ಲ ತೂತನ್ನೂ ಒಂದೇ ದಿನ ಕೊರೆಯಬೇಡಿ. ನಡುವಿಗೆ ಎರಡು, ಬೆಂಚಿನ ಮುಂದಿನ ಕಾಲಿಗೆ ಒಂದು ಸಾಕು. ಕಾಲಿನದು ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಹಿಡಿಯಲು. ಉಳಿದದ್ದನ್ನು ಕೆಲಸ ಕೇಳಿದ ಹಾಗೆ ಕೊರೆಯುತ್ತಾ ಹೋಗಿ. ಕೊರೆಯುವ ಮೊದಲು ಅಡಿಯಲ್ಲಿ ಅಡ್ಡಪಟ್ಟಿ ಇದೆಯೇ ಎಂದು ಬಗ್ಗಿ ನೋಡಿ, ಅಂಚು ಸಿಗಿಯದಂತೆ ಅಡಿಗೊಂದು ಬೇಡದ ಹಲಗೆ ಕಟ್ಟಿ, ಬೈರಿಗೆಯನ್ನು ನೆಟ್ಟಗೆ ಹಿಡಿಯಿರಿ. ನಿಮ್ಮೂರಿನಲ್ಲಿ ಕುಲುಮೆ ಇನ್ನೂ ಉರಿಯುತ್ತಿದ್ದರೆ ಅಲ್ಲಿಗೇ ಹೋಗಿ ಮಾಡಿಸಿ. ಒಂದಲ್ಲ, ಜೋಡಿಯಾಗಿ ಮಾಡಿಸಿ. ಉದ್ದದ ಹಲಗೆಗೆ ಒಂದು ಸಾಲುವುದಿಲ್ಲ.