ಸಂಘದ ವೆಬ್‌ಸೈಟ್: ಕೆಲಸ ಹಂಚೋಣ, ಬೀಗದ ಕೈ ಹಂಚುವುದು ಬೇಡ



ಇಂದು ನಮ್ಮ ಅನೇಕ ಬಸದಿಗಳು, ಸಂಘಗಳು, ವಿದ್ಯಾರ್ಥಿ ನಿಲಯಗಳು, ಮಹಿಳಾ ಸಮಾಜಗಳು ತಮ್ಮದೇ ವೆಬ್‌ಸೈಟ್ ಮಾಡಿಕೊಂಡಿವೆ. ಉದ್ಘಾಟನೆಯ ದಿನ ಎಲ್ಲವೂ ಚೆನ್ನಾಗಿರುತ್ತದೆ. ಒಂದು ವರ್ಷ ಬಿಟ್ಟು ತೆರೆದು ನೋಡಿದರೆ ಎಷ್ಟೋ ಕಡೆ ಮೊದಲ ಪುಟದಲ್ಲಿ ಹೋದ ವರ್ಷದ ಚಾತುರ್ಮಾಸದ ಸುದ್ದಿಯೇ ಇರುತ್ತದೆ.

ಇದಕ್ಕೆ ಕಾರಣ ಸರಳ. ಸುದ್ದಿ ಗೊತ್ತಿರುವವರಿಗೆ ಕಂಪ್ಯೂಟರ್ ಬರುವುದಿಲ್ಲ, ಕಂಪ್ಯೂಟರ್ ಬರುವವರಿಗೆ ಸುದ್ದಿ ಗೊತ್ತಿರುವುದಿಲ್ಲ. ಮುನಿಸಂಘದ ವಿಹಾರ ನಾಳೆ ಯಾವ ಊರಿಗೆ ಎಂಬುದು ಜೊತೆಯಲ್ಲಿ ನಡೆಯುತ್ತಿರುವ ಶ್ರಾವಕರಿಗೆ ಗೊತ್ತು. ಅಭಿಷೇಕದ ವೇಳೆ ಬದಲಾದದ್ದು ಇಂದ್ರರಿಗೆ, ಅಂದರೆ ಪುರೋಹಿತರಿಗೆ ಗೊತ್ತು. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಯಾವಾಗ ಎಂಬುದು ಕಾರ್ಯದರ್ಶಿಗಳಿಗೆ ಗೊತ್ತು. ಆದರೆ ಸೈಟ್ ನೋಡಿಕೊಳ್ಳುವ ಹುಡುಗ ಬೆಂಗಳೂರಿನಲ್ಲೋ ಪುಣೆಯಲ್ಲೋ ನೌಕರಿಯಲ್ಲಿರುತ್ತಾನೆ.

ಆಗ ಹೆಚ್ಚಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಆ ಒಬ್ಬನೇ ಎಲ್ಲವನ್ನೂ ಮಾಡಬೇಕಾಗಿ ಸೈಟ್ ಹಳತಾಗುತ್ತದೆ. ಇಲ್ಲವೇ, "ಇದೇ ಪಾಸ್‌ವರ್ಡ್, ಯಾರು ಬೇಕಾದರೂ ಹಾಕಿ" ಎಂದು ವಾಟ್ಸಾಪ್ ಗುಂಪಿಗೆ ಕಳಿಸಲಾಗುತ್ತದೆ. ಮೊದಲನೆಯದರಲ್ಲಿ ಸುದ್ದಿ ನಿಲ್ಲುತ್ತದೆ. ಎರಡನೆಯದರಲ್ಲಿ ದೇಣಿಗೆ ಹಣಕ್ಕೂ ಸಮಾಜದ ಹೆಸರಿಗೂ ಅಪಾಯ. ಇವೆರಡನ್ನೂ ಬಿಟ್ಟು ಮೂರನೆಯ ದಾರಿ ಇದೆ. ಅದಕ್ಕೆ ಖರ್ಚಿಲ್ಲ, ಇಂಜಿನಿಯರ್ ಆಗಿರಬೇಕೆಂದೂ ಇಲ್ಲ.

ಒಂದೇ ಪಾಸ್‌ವರ್ಡ್ ಏಕೆ ಬೇಡ

ಅಂಗಡಿಯಲ್ಲಿ ಐದು ಜನ ಕೆಲಸಕ್ಕಿದ್ದರೆ ಐವರಿಗೂ ಗಲ್ಲಾದ ಕೀಲಿ ಕೊಡುತ್ತೇವೆಯೇ? ಇಲ್ಲ. ಅವರ ಮೇಲೆ ನಂಬಿಕೆ ಇಲ್ಲವೆಂದಲ್ಲ. ಸಂಜೆ ಲೆಕ್ಕದಲ್ಲಿ ನೂರು ರೂಪಾಯಿ ಹೆಚ್ಚುಕಡಿಮೆ ಬಂದರೆ ಐವರ ಮೇಲೂ ಅನುಮಾನ ಬರಬಾರದು ಎಂದು. ಕೀಲಿ ಒಬ್ಬರ ಕೈಯಲ್ಲಿದ್ದರೆ ಉಳಿದವರ ಮರ್ಯಾದೆಯೂ ಉಳಿಯುತ್ತದೆ.

ವೆಬ್‌ಸೈಟಿನಲ್ಲೂ ಹಾಗೆಯೇ. ಎಲ್ಲರೂ ಒಂದೇ ಹೆಸರಿನಲ್ಲಿ ಒಳಗೆ ಹೋದರೆ ಯಾವ ಬದಲಾವಣೆ ಯಾರು ಮಾಡಿದರು ಎಂದು ತಿಳಿಯುವುದಿಲ್ಲ. ಒಬ್ಬರು ಸಂಘ ಬಿಟ್ಟರೆ ಪಾಸ್‌ವರ್ಡ್ ಬದಲಿಸಿ ಮತ್ತೆ ಎಲ್ಲರಿಗೂ ಹೇಳಬೇಕು, ಹಾಗಾಗಿ ಯಾರೂ ಬದಲಿಸುವುದೇ ಇಲ್ಲ. ವಾಟ್ಸಾಪಿನಲ್ಲಿ ಕಳಿಸಿದ ಪಾಸ್‌ವರ್ಡ್ ಹಳೆಯ ಮೆಸೇಜುಗಳ ನಡುವೆ ವರ್ಷಗಟ್ಟಲೆ ಉಳಿದಿರುತ್ತದೆ. ಫೋನ್ ರಿಪೇರಿಗೆ ಕೊಟ್ಟರೂ, ಹಳೆಯ ಫೋನ್ ಮೊಮ್ಮಗನ ಕೈಗೆ ಹೋದರೂ ಪಾಸ್‌ವರ್ಡ್ ಅದರ ಜೊತೆಗೇ ಹೋಗುತ್ತದೆ.

ವರ್ಡ್‌ಪ್ರೆಸ್‌ನ ಐದು ದರ್ಜೆಗಳು

ಸಂಘ ಸಂಸ್ಥೆಗಳ ಸೈಟ್‌ಗಳು ಬಹಳಷ್ಟು ವರ್ಡ್‌ಪ್ರೆಸ್ ಎಂಬ ವ್ಯವಸ್ಥೆಯ ಮೇಲೆ ನಡೆಯುತ್ತವೆ. 2003ರಲ್ಲಿ ಆರಂಭವಾದ ಇದು ಉಚಿತ. ಇದರಲ್ಲಿ ಕೆಲಸಕ್ಕೆ ತಕ್ಕಂತೆ ಅಧಿಕಾರ ಕೊಡುವ ಐದು ದರ್ಜೆಗಳು ಮೊದಲಿನಿಂದಲೇ ಸಿದ್ಧವಾಗಿವೆ. ನಾವು ಬಳಸಿಕೊಳ್ಳಬೇಕು ಅಷ್ಟೆ.

1. ಅಡ್ಮಿನಿಸ್ಟ್ರೇಟರ್: ಅಂಗಡಿಯ ಯಜಮಾನರಿದ್ದಂತೆ. ಸೈಟಿನ ರೂಪ ಬದಲಿಸಬಹುದು, ಪ್ಲಗಿನ್ ಹಾಕಬಹುದು, ಹೊಸಬರನ್ನು ಸೇರಿಸಬಹುದು, ಇದ್ದವರನ್ನು ತೆಗೆಯಬಹುದು.

2. ಎಡಿಟರ್: ಹಿರಿಯ ಗುಮಾಸ್ತರಿದ್ದಂತೆ. ತಮ್ಮದಷ್ಟೇ ಅಲ್ಲ, ಬೇರೆಯವರು ಬರೆದದ್ದನ್ನೂ ತಿದ್ದಬಹುದು, ಪ್ರಕಟಿಸಬಹುದು, ಅಳಿಸಬಹುದು. ಸೈಟಿನ ಸ್ಥಿರ ಪುಟಗಳನ್ನೂ ಬದಲಿಸಬಹುದು.

3. ಆಥರ್: ತಮ್ಮ ಸುದ್ದಿಯನ್ನು ತಾವೇ ಬರೆದು, ಫೋಟೋ ಹಾಕಿ, ಪ್ರಕಟಿಸಬಹುದು. ಬೇರೆಯವರ ಬರಹವನ್ನೂ ಸ್ಥಿರ ಪುಟಗಳನ್ನೂ ಮುಟ್ಟಲಾಗದು.

4. ಕಾಂಟ್ರಿಬ್ಯೂಟರ್: ಬರೆಯಬಹುದು, ಆದರೆ ಪ್ರಕಟಿಸಲಾಗದು. ಬರೆದು ಪರಿಶೀಲನೆಗೆ ಒಪ್ಪಿಸುತ್ತಾರೆ, ಎಡಿಟರ್ ನೋಡಿ ಪ್ರಕಟಿಸುತ್ತಾರೆ. ಇವರಿಗೆ ಫೋಟೋ ಏರಿಸುವ ಅವಕಾಶವೂ ಇಲ್ಲ. ಒಮ್ಮೆ ಪ್ರಕಟವಾದ ಮೇಲೆ ತಮ್ಮ ಬರಹವನ್ನು ತಾವೇ ತಿದ್ದಲೂ ಆಗದು.

5. ಸಬ್‌ಸ್ಕ್ರೈಬರ್: ಓದುವವರು ಮಾತ್ರ.

ಎಡಿಟರ್ ದರ್ಜೆ ಕೇಳಲು ಚಿಕ್ಕದಾಗಿ ಕಂಡರೂ ದೇಣಿಗೆಯ ಪುಟವನ್ನು ತಿದ್ದುವ ಅಧಿಕಾರ ಅದರಲ್ಲಿ ಸೇರಿದೆ. ಹಾಗಾಗಿ "ಅಡ್ಮಿನ್ ಕೊಟ್ಟಿಲ್ಲ, ಎಡಿಟರ್ ತಾನೆ" ಎಂದು ಎಂಟು ಜನರಿಗೆ ಕೊಡುವುದು ಸರಿಯಲ್ಲ.

ಯಾರಿಗೆ ಯಾವುದು

ಸಾಧಾರಣ ಸಂಘಕ್ಕೆ ಈ ಹಂಚಿಕೆ ಸಾಕು. ಅಡ್ಮಿನಿಸ್ಟ್ರೇಟರ್ ಇಬ್ಬರು. ಒಬ್ಬರೇ ಇದ್ದರೆ ಅವರು ಕಾಯಿಲೆ ಬಿದ್ದ ದಿನ ಸೈಟ್ ನಿಂತುಹೋಗುತ್ತದೆ, ಮೂವರು ನಾಲ್ವರು ಬೇಕಿಲ್ಲ. ಎಡಿಟರ್ ಒಬ್ಬರು ಅಥವಾ ಇಬ್ಬರು, ಕನ್ನಡ ಚೆನ್ನಾಗಿ ಬಲ್ಲ, ತಾಳ್ಮೆಯಿಂದ ಓದುವ ಹಿರಿಯರಾದರೆ ಒಳ್ಳೆಯದು. ಕೆಲವು ತಿಂಗಳು ತಪ್ಪಿಲ್ಲದೆ ಕೆಲಸ ಮಾಡಿದವರಿಗೆ ಆಥರ್. ಹೊಸದಾಗಿ ಬಂದ ಎಲ್ಲರಿಗೂ, ಅವರು ಅಧ್ಯಕ್ಷರ ಮಗನೇ ಆಗಿರಲಿ, ಮೊದಲು ಕಾಂಟ್ರಿಬ್ಯೂಟರ್.

ಅಧ್ಯಕ್ಷರು, ಖಜಾಂಚಿಗಳು ಎಂಬ ಗೌರವಕ್ಕಾಗಿ ಅಡ್ಮಿನ್ ದರ್ಜೆ ಕೊಡುವ ರೂಢಿ ಕೆಲವೆಡೆ ಇದೆ. ಪದವಿ ಬೇರೆ, ಕೆಲಸ ಬೇರೆ. ಸೈಟಿನಲ್ಲಿ ಬರೆಯದವರಿಗೆ ಯಾವ ಖಾತೆಯೂ ಬೇಕಿಲ್ಲ. ಬಳಸದೆ ಬಿದ್ದಿರುವ ಖಾತೆ ಹಿತ್ತಿಲಿನ ತೆರೆದ ಬಾಗಿಲಿದ್ದಂತೆ.

ಇನ್ನು, ಕಂಪ್ಯೂಟರ್ ಏನೂ ಬಾರದ ಹಿರಿಯರು, ವಿಹಾರದಲ್ಲಿರುವ ಶ್ರಾವಕರು, ಹಳ್ಳಿಯ ಬಸದಿಯ ಇಂದ್ರರು ಇವರಿಗೆ ಲಾಗಿನ್ ಕಲಿಸುವ ಕಷ್ಟವೇ ಬೇಡ. ಅವರು ಫೋನಿನಲ್ಲಿ ಹೇಳಲಿ, ಧ್ವನಿ ಮೆಸೇಜ್ ಕಳಿಸಲಿ, ಅಥವಾ ಒಂದು ಗೂಗಲ್ ಫಾರ್ಮ್ ತುಂಬಲಿ: ಏನು, ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ, ವಿಚಾರಿಸಲು ಯಾರು. ಇಷ್ಟನ್ನು ಪಡೆದು ಒಬ್ಬರು ಬರೆದು ಹಾಕಿದರೆ ಆಯಿತು. ಒಳಗೆ ಬರದೆಯೇ ಸುದ್ದಿ ಕೊಡುವ ದಾರಿ ಇದ್ದರೆ ಅದೇ ಎಲ್ಲಕ್ಕಿಂತ ಸುರಕ್ಷಿತ.

ಖಾತೆ ತೆರೆದು ಕೊಡುವ ರೀತಿ

ಅಡ್ಮಿನಿಸ್ಟ್ರೇಟರ್ ಆದವರು 'ಯೂಸರ್ಸ್' ಎಂಬಲ್ಲಿ ಹೋಗಿ ಹೊಸಬರ ಹೆಸರು, ಅವರದೇ ಇಮೇಲ್ ವಿಳಾಸ ಕೊಟ್ಟು ದರ್ಜೆ ಆರಿಸಬೇಕು. ಅವರ ಇಮೇಲಿಗೆ ಒಂದು ಲಿಂಕ್ ಹೋಗುತ್ತದೆ. ಅದನ್ನು ಒತ್ತಿ ಅವರೇ ತಮ್ಮ ಪಾಸ್‌ವರ್ಡ್ ಇಟ್ಟುಕೊಳ್ಳಬೇಕು. "ನಾನೇ ಇಟ್ಟು ಹೇಳುತ್ತೇನೆ" ಎಂಬುದು ಬೇಡ. ಅವರ ಪಾಸ್‌ವರ್ಡ್ ನಮಗೆ ಗೊತ್ತಿರಬಾರದು, ನಮ್ಮದು ಅವರಿಗೆ ಗೊತ್ತಿರಬಾರದು.

ಪಾಸ್‌ವರ್ಡ್ ಮರೆತರೆ ಹೊಸದಕ್ಕೆ ಲಿಂಕ್ ಬರುವುದು ಆ ಇಮೇಲಿಗೇ. ಎಂದರೆ ಇಮೇಲ್ ಯಾರ ಕೈಗೆ ಸಿಕ್ಕಿತೋ ಸೈಟಿನ ಖಾತೆಯೂ ಅವರ ಕೈಗೆ ಸಿಕ್ಕಿತು. ಆದ್ದರಿಂದ ಇಮೇಲಿಗೆ ಎರಡು ಹಂತದ ಪರಿಶೀಲನೆ ಹಾಕಿಸಿಕೊಳ್ಳುವುದು ಮೊದಲ ಕೆಲಸ. ಅಡ್ಮಿನ್ ಮತ್ತು ಎಡಿಟರ್ ಖಾತೆಗಳಿಗೆ ಸೈಟಿನಲ್ಲೂ ಎರಡು ಹಂತದ ಪರಿಶೀಲನೆ ಬೇಕು. ವರ್ಡ್‌ಪ್ರೆಸ್‌ನಲ್ಲಿ ಇದು ತಾನಾಗಿ ಇರುವುದಿಲ್ಲ, ಅದಕ್ಕೆ ಪ್ಲಗಿನ್ ಹಾಕಬೇಕು. ನಿಮ್ಮ ಸೈಟ್ ಮಾಡಿಕೊಟ್ಟವರಿಗೆ ಹೇಳಿದರೆ ಹಾಕಿಕೊಡುತ್ತಾರೆ.

ಬರೆಯುವವರಿಗೆ ಹೇಳಿಕೊಡಬೇಕಾದದ್ದು

ಕಲಿಸಲು ಒಂದು ಭಾನುವಾರ ಸಾಕು. ಹೊಸ ಸುದ್ದಿ ತೆರೆಯುವುದು, ಶೀರ್ಷಿಕೆ ಕೊಡುವುದು, ಮುನ್ನೋಟ ನೋಡುವುದು, 'ಸಬ್‌ಮಿಟ್ ಫಾರ್ ರಿವ್ಯೂ' ಒತ್ತುವುದು. ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಕೊಡಿ. ಒಪ್ಪಿಸಿದ ಮೇಲೆ ಎಡಿಟರಿಗೆ ಒಂದು ಮೆಸೇಜ್ ಹಾಕುವುದನ್ನು ರೂಢಿ ಮಾಡಿಸಿ, ವರ್ಡ್‌ಪ್ರೆಸ್ ತಾನಾಗಿ ತಿಳಿಸುವುದಿಲ್ಲ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಅಕ್ಷರಗಳು ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತವೆ. ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಲು ಹೇಳಿ.

"ಏನಾದರೂ ಅಳಿಸಿಹೋದರೆ?" ಎಂಬ ಹೆದರಿಕೆ ಹಿರಿಯರಿಗೆ ಇದ್ದೇ ಇರುತ್ತದೆ. ವರ್ಡ್‌ಪ್ರೆಸ್ ಪ್ರತಿ ಬರಹದ ಹಿಂದಿನ ರೂಪಗಳನ್ನು ಇಟ್ಟುಕೊಂಡಿರುತ್ತದೆ, ಬೇಕಾದಾಗ ಹಳೆಯದನ್ನು ಮರಳಿ ತರಬಹುದು ಎಂದು ಅವರಿಗೆ ತೋರಿಸಿಕೊಡಿ. ಹೆದರಿಕೆ ಹೋದರೆ ಬರೆಯುವವರು ತಾವಾಗಿಯೇ ಬರುತ್ತಾರೆ. ಆದರೆ ಫೋಟೋಗಳಿಗೆ ಈ ಅನುಕೂಲ ಇಲ್ಲ. ಅಳಿಸಿದ ಫೋಟೋ ಹೋದಂತೆಯೇ, ಮೂಲ ಪ್ರತಿ ಬೇರೆ ಕಡೆ ಇರಲಿ.

ಕೆಲವು ಸುದ್ದಿಗಳಿಗೆ ಎರಡು ಕಣ್ಣು ಸಾಲದು, ನಾಲ್ಕು ಬೇಕು. ನಿಧನ ವಾರ್ತೆಯನ್ನು ಆ ಮನೆಯವರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳದೆ ಹಾಕಬಾರದು. ಪರ್ವದ ತಿಥಿ, ಪಂಚಕಲ್ಯಾಣದ ದಿನಾಂಕ, ವಿಹಾರದ ಊರು ಇವನ್ನು ಬರೆದವರಲ್ಲದೆ ಇನ್ನೊಬ್ಬರು ನೋಡಬೇಕು. ಸೈಟ್ ನಂಬಿ ಬೆಳಗಾವಿಯಿಂದ ಮೂಡುಬಿದಿರೆಗೆ ಮಕ್ಕಳು ಮರಿ ಕಟ್ಟಿಕೊಂಡು ಹೊರಡುವ ಮನೆಗಳಿವೆ.

ದೇಣಿಗೆಯ ಪುಟ

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಇಲ್ಲಿ. ಬ್ಯಾಂಕ್ ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೂ, ಕ್ಯೂಆರ್ ಚಿತ್ರವನ್ನು ಯಾರಾದರೂ ಬದಲಿಸಿದರೂ ಆಹಾರದಾನಕ್ಕೆಂದು, ಜೀರ್ಣೋದ್ಧಾರಕ್ಕೆಂದು ಭಕ್ತರು ಕೊಟ್ಟ ಹಣ ಬೇರೆ ಕಡೆ ಹೋಗುತ್ತದೆ. ಕ್ಯೂಆರ್ ಚಿತ್ರಗಳೆಲ್ಲ ಕಣ್ಣಿಗೆ ಒಂದೇ ರೀತಿ ಕಾಣುವುದರಿಂದ ಬದಲಾದದ್ದು ಬಹಳ ದಿನ ಗೊತ್ತಾಗುವುದಿಲ್ಲ.

ಮೂರು ನಿಯಮಗಳನ್ನು ಆಡಳಿತ ಮಂಡಳಿಯ ಸಭೆಯಲ್ಲಿ ಬರೆದು ಒಪ್ಪಿಕೊಳ್ಳಿ.

ಒಂದು, ಖಾತೆ ಸಂಖ್ಯೆ ಮತ್ತು ಕ್ಯೂಆರ್ ಸೈಟಿನ ಒಂದೇ ಒಂದು ಪುಟದಲ್ಲಿ ಇರಬೇಕು. ಬೇರೆ ಯಾವ ಸುದ್ದಿಯಲ್ಲೂ ಅದನ್ನು ಹಾಕದೆ ಆ ಪುಟದ ಕೊಂಡಿ ಮಾತ್ರ ಕೊಡಬೇಕು. ಹೀಗಿದ್ದರೆ ಯಾವುದೋ ಸುದ್ದಿಯ ಕೆಳಗೆ ಬೇರೆ ಕ್ಯೂಆರ್ ಕಂಡ ಕೂಡಲೇ ಅದು ತಪ್ಪೆಂದು ಓದುಗರಿಗೇ ತಿಳಿಯುತ್ತದೆ.

ಎರಡು, ಕ್ಯೂಆರ್ ಪಕ್ಕದಲ್ಲೇ ಖಾತೆ ಯಾರ ಹೆಸರಿನಲ್ಲಿದೆ ಎಂದು ಬರೆದಿರಬೇಕು. "ಸ್ಕ್ಯಾನ್ ಮಾಡಿದಾಗ ಈ ಹೆಸರು ಕಾಣದಿದ್ದರೆ ಹಣ ಕಳಿಸಬೇಡಿ" ಎಂಬ ಸೂಚನೆಯೂ ಇರಬೇಕು.

ಮೂರು, ಖಜಾಂಚಿಗಳು ವಾರಕ್ಕೊಮ್ಮೆ ತಮ್ಮ ಫೋನಿನಿಂದ ಸ್ಕ್ಯಾನ್ ಮಾಡಿ ಒಂದು ರೂಪಾಯಿ ಕಳಿಸಿ, ಟ್ರಸ್ಟಿನ ಖಾತೆಗೆ ಬಂದಿದೆಯೇ ನೋಡಬೇಕು. ವರ್ಷಕ್ಕೆ 52 ರೂಪಾಯಿ, ಅದೂ ಸಂಘಕ್ಕೇ ಸೇರುತ್ತದೆ.

ಮನೆಯವರ ಮಾಹಿತಿ

ವಧು-ವರರ ಪಟ್ಟಿಯಲ್ಲಿ ಜನ್ಮದಿನ, ಫೋನ್ ಸಂಖ್ಯೆ, ವಿಳಾಸ, ಸಂಬಳ ಎಲ್ಲವೂ ಇರುತ್ತದೆ. ಇದನ್ನು ಎಲ್ಲರೂ ನೋಡುವ ಪುಟದಲ್ಲಿ ಹಾಕುವುದು ಸರಿಯಲ್ಲ. ನಮ್ಮ ಹೆಣ್ಣುಮಕ್ಕಳ ಫೋನ್ ಸಂಖ್ಯೆ ಯಾರ ಯಾರ ಕೈಗೆ ಹೋಗುತ್ತದೆ ಎಂದು ಯೋಚಿಸಿದರೆ ಸಾಕು. ಹೆಸರಿನ ಬದಲು ನೋಂದಣಿ ಸಂಖ್ಯೆ ಹಾಕಿ, ವಿಚಾರಿಸಿದವರಿಗೆ ಕಚೇರಿಯಿಂದ ಮಾಹಿತಿ ಕೊಡುವ ಕ್ರಮ ಒಳ್ಳೆಯದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ಒಬ್ಬರ ಮಾಹಿತಿ ಬಳಸಲು ಅವರ ಒಪ್ಪಿಗೆ, 18 ವರ್ಷದ ಒಳಗಿನವರದಾದರೆ ತಂದೆತಾಯಿಯರ ಅಥವಾ ಪೋಷಕರ ಒಪ್ಪಿಗೆ ಎಂಬುದು ಅದರ ಮುಖ್ಯ ಆಶಯ. ಪಾಠಶಾಲೆಯ ಮಕ್ಕಳ ಫೋಟೋ ಹಾಕುವ ಮುಂಚೆಯೂ ಮನೆಯವರನ್ನು ಒಂದು ಮಾತು ಕೇಳೋಣ.

ಜವಾಬ್ದಾರಿ ಬಿಡುವ ದಿನ

ಹೊಸ ಮಂಡಳಿ ಬಂದಾಗ ಬಸದಿಯ ಬೀಗದ ಕೈ, ಲೆಕ್ಕದ ಪುಸ್ತಕ, ಬೆಳ್ಳಿ ಸಾಮಾನು ಎಣಿಸಿ ಒಪ್ಪಿಸುತ್ತೇವೆ. ಆ ಪಟ್ಟಿಗೆ ವೆಬ್‌ಸೈಟನ್ನೂ ಸೇರಿಸಿ. ಬಿಟ್ಟವರ ಖಾತೆಯನ್ನು ಅದೇ ದಿನ ತೆಗೆಯಬೇಕು. ತೆಗೆಯುವಾಗ ಅವರ ಬರಹಗಳನ್ನು ಏನು ಮಾಡಬೇಕೆಂದು ವರ್ಡ್‌ಪ್ರೆಸ್ ಕೇಳುತ್ತದೆ. ಅಳಿಸಬೇಡಿ, ಇನ್ನೊಬ್ಬರ ಹೆಸರಿಗೆ ವರ್ಗಾಯಿಸಿ. ಇದನ್ನು ಅವಮಾನವೆಂದು ಯಾರೂ ತಿಳಿಯಬಾರದು. ಖಾತೆ ತೆಗೆದರೆ ಮುಂದೆ ಏನೇ ಆದರೂ ಅವರ ಹೆಸರು ಬರುವುದಿಲ್ಲ.

ಸೈಟಿನ ಹೆಸರು, ಅಂದರೆ ಡೊಮೈನ್, ಟ್ರಸ್ಟಿನ ಹೆಸರಿನಲ್ಲಿ ಮತ್ತು ಟ್ರಸ್ಟಿನ ಇಮೇಲಿನಲ್ಲಿ ನೋಂದಣಿ ಆಗಿರಬೇಕು. ಎಷ್ಟೋ ಕಡೆ ಅದು ಸೈಟ್ ಮಾಡಿಕೊಟ್ಟವರ ಸ್ವಂತ ಇಮೇಲಿನಲ್ಲಿರುತ್ತದೆ. ಅವರು ಕೆಲಸ ಬಿಟ್ಟರೆ ನವೀಕರಣದ ಸೂಚನೆ ಯಾರಿಗೂ ತಲುಪುವುದಿಲ್ಲ. ಗಡುವು ಮೀರಿ ಬಹಳ ದಿನವಾದರೆ ಆ ಹೆಸರು ಮತ್ತೆ ಮಾರಾಟಕ್ಕೆ ಬರುತ್ತದೆ, ಯಾರು ಬೇಕಾದರೂ ಕೊಳ್ಳಬಹುದು. ಬಸದಿಯ ಹೆಸರಿನ ಪುಟದಲ್ಲಿ ಜೂಜಿನ ಜಾಹೀರಾತು ಬಂದರೆ ಯಾರನ್ನು ಕೇಳುವುದು? ಡೊಮೈನ್, ಹೋಸ್ಟಿಂಗ್, ಅಡ್ಮಿನ್ ಖಾತೆಗಳ ವಿವರವನ್ನು ಮೊಹರು ಮಾಡಿದ ಲಕೋಟೆಯಲ್ಲಿ ಟ್ರಸ್ಟಿನ ತಿಜೋರಿಯಲ್ಲಿಡಿ. ತಿಂಗಳಿಗೊಮ್ಮೆ ಇಡೀ ಸೈಟಿನ ಬ್ಯಾಕಪ್ ತೆಗೆದು ಹೋಸ್ಟಿಂಗ್‌ನ ಹೊರಗೆ ಇಟ್ಟುಕೊಳ್ಳಿ.

ಏನಾದರೂ ಆಗಿಬಿಟ್ಟರೆ

ಅನುಮಾನ ಬಂದ ಕೂಡಲೇ ಅಡ್ಮಿನ್ ಆದವರು ಆ ಖಾತೆಯನ್ನು ಎಲ್ಲ ಕಡೆಯಿಂದ ಲಾಗ್‌ಔಟ್ ಮಾಡಿ ಪಾಸ್‌ವರ್ಡ್ ಬದಲಿಸಬೇಕು. ಇದಕ್ಕೆ ಯೂಸರ್ ಪುಟದಲ್ಲೇ ಬಟನ್ ಇದೆ. ಗೊತ್ತಿಲ್ಲದ ಹೊಸ ಹೆಸರು ಸೇರಿದೆಯೇ ನೋಡಿ. ದೇಣಿಗೆಯ ಪುಟವನ್ನು ಹಳೆಯ ರೂಪಕ್ಕೆ ತನ್ನಿ. ಹಣ ಹೋಗಿದ್ದರೆ ತಡ ಮಾಡದೆ ಬ್ಯಾಂಕಿಗೆ ಮತ್ತು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಿ. ಮುಚ್ಚಿಡುವುದು ಬೇಡ, ಸೈಟಿನಲ್ಲೇ ಸಮಾಜಕ್ಕೆ ಹೇಳಿ.

ಮುಂದಿನ ಮಂಡಳಿ ಸಭೆಯಲ್ಲಿ ಹತ್ತು ನಿಮಿಷ ಇದಕ್ಕೆ ಕೊಡಿ. 'ಯೂಸರ್ಸ್' ಪಟ್ಟಿಯನ್ನು ತೆರೆದು ಎಲ್ಲರ ಮುಂದೆ ಓದಿ. ಇವರು ಯಾರು, ಈಗ ಏನು ಬರೆಯುತ್ತಿದ್ದಾರೆ, ಈ ದರ್ಜೆ ಇವರಿಗೆ ಬೇಕೇ ಎಂದು ಒಂದೊಂದೇ ಹೆಸರಿಗೆ ಕೇಳುತ್ತ ಹೋದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.