ಟ್ಯಾಂಕರ್‌ಗೆ ಫೋನ್ ಮಾಡೋ ಮುಂಚೆ

2022ರ ಸೆಪ್ಟೆಂಬರ್ ಮೊದಲ ವಾರ ನೆನಪಿದೆಯಲ್ವಾ? ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಎಲ್ಲ ಮುಳುಗಿತ್ತು. ಕೋಟಿ ಬೆಲೆಯ ಕಾರುಗಳು ನೀರಲ್ಲಿ ನಿಂತಿದ್ವು, ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗ್ತಾ ಇದ್ರು. ನಾವು ಟಿವಿಯವರು ಇಡೀ ದಿನ ಅದನ್ನೇ ತೋರಿಸಿದ್ವಿ. ರಾಜಕಾಲುವೆ ನುಂಗಿದವರು ಯಾರು ಅಂತ ನಾನೂ ಗಂಟಲು ಹರಿದುಕೊಂಡೆ. ಕೇಳಬೇಕಾದ ಪ್ರಶ್ನೆಯೇ, ತಪ್ಪಿಲ್ಲ.

ಆ ಸಂಜೆ ಒಬ್ಬ ತಾಯಿ ಫೋನ್ ಮಾಡಿದ್ರು. ಬೈಯಲಿಲ್ಲ, ಅಳಲಿಲ್ಲ. "ಸಾರ್, ಸಂಪಿಗೆ ಚರಂಡಿ ನೀರು ನುಗ್ಗಿದೆ. ಕರೆಂಟ್ ಇಲ್ಲ. ಎರಡು ಮಕ್ಕಳಿದ್ದಾವೆ. ಈಗ ನಾವು ಕುಡಿಯೋದು ಏನನ್ನ?" ಅಂತ ಕೇಳಿದ್ರು. ನನ್ನ ಹತ್ತಿರ ಉತ್ತರ ಇರಲಿಲ್ಲ. "ಅಧಿಕಾರಿಗಳ ಗಮನಕ್ಕೆ ತರ್ತೀವಿ ತಾಯಿ" ಅಂದೆ, ಬ್ರೇಕ್ ತಗೊಂಡೆ.

ಆ ಉತ್ತರ ಹುಡುಕೋಕೆ ನನಗೆ ಆಮೇಲೆ ಬಹಳ ದಿನ ಹಿಡೀತು. ಪ್ಲಂಬರ್‌ಗಳನ್ನ ಕೇಳಿದೆ, ವೈದ್ಯರನ್ನ ಕೇಳಿದೆ, ನಮ್ಮ ಮನೆಯ ತಾರಸಿ ಹತ್ತಿ ನಾನೇ ಪೈಪುಗಳ ಜಾಡು ಹಿಡಿದೆ. ಗೊತ್ತಾಗಿದ್ದು ಇಷ್ಟು: ನಲ್ಲಿ ನಿಂತ ದಿನವೂ ನಮ್ಮ ಮನೆಗಳಲ್ಲಿ ಕುಡಿಯುವ ನೀರು ಇರುತ್ತೆ. ಎಲ್ಲಿದೆ ಅಂತ ನಮಗೆ ಗೊತ್ತಿರಲ್ಲ.

ಅದೇ ವಾರ ಇನ್ನೊಂದು ಘಟನೆ ನಡೆದಿತ್ತು. ಸೆಪ್ಟೆಂಬರ್ 4ರ ರಾತ್ರಿಯ ಮಳೆಗೆ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ ಪಂಪ್‌ಹೌಸ್‌ಗೆ ನೀರು ನುಗ್ಗಿತು. ಬೆಂಗಳೂರು ಕುಡಿಯುವ ಕಾವೇರಿ ಹೊರಡೋದೇ ಅಲ್ಲಿಂದ. ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ ಮೇಲೆತ್ತಬೇಕು. ಒಂದು ಕಡೆ ಮೋಟಾರ್ ಮುಳುಗಿದ್ರೆ ರಾಜಧಾನಿಯ ನಲ್ಲಿ ಒಣಗುತ್ತೆ. ಹಾಗೇ ಆಯ್ತು. ಮಳೆ ಜಾಸ್ತಿಯಾಗಿ ನೀರು ನಿಂತ ಊರು ನಮ್ಮದು! 2024ರ ಮಾರ್ಚ್‌ನಲ್ಲಿ ಕಥೆ ಉಲ್ಟಾ. ಮಳೆಯೇ ಇಲ್ಲ, ಬೋರ್‌ವೆಲ್ ಬತ್ತಿದ್ವು. ನಮ್ಮ ಮನೆ ಬೋರ್‌ವೆಲ್ಲೂ ಒಣಗಿದೆ ಅಂತ ಆಗಿನ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ಹೇಳಿದ್ರು. ಕಾರಣ ಯಾವುದೇ ಇರಲಿ, ಅಡುಗೆಮನೆಯಲ್ಲಿ ನಿಂತವರಿಗೆ ಪ್ರಶ್ನೆ ಒಂದೇ.

ನಲ್ಲಿ ನಿಂತ ತಕ್ಷಣ ನಾವೆಲ್ಲ ಏನ್ ಮಾಡ್ತೀವಿ? ಟ್ಯಾಂಕರ್‌ಗೆ ಫೋನ್. ಅದಕ್ಕೂ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ಬೀದಿ ಪೈಪಿನಿಂದ ನಿಮ್ಮ ಸಂಪಿಗೆ ನೀರು ಬರುವ ವಾಲ್ವ್ ಇದೆಯಲ್ಲ, ಅದನ್ನ ಮುಚ್ಚಿ. ಯಾಕಂದ್ರೆ ಪೈಪಿನಲ್ಲಿ ಒತ್ತಡ ಇಲ್ಲದಾಗ, ಪಕ್ಕದಲ್ಲೇ ಹಾದುಹೋಗುವ ಒಳಚರಂಡಿ ನೀರು ಸಣ್ಣ ಬಿರುಕಿನಲ್ಲೂ ಒಳಗೆ ಬರುತ್ತೆ. ಸಪ್ಲೈ ವಾಪಸ್ ಬಂದಾಗ ಮೊದಲು ಬರೋದು ಆ ನೀರೇ. ಇದನ್ನ ಹಗುರವಾಗಿ ತಗೋಬೇಡಿ. 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಜೀವಗಳು ಹೋದವು. ನಲ್ಲಿಯಲ್ಲಿ ನೀರು ಬಂದೇ ಬಂದಿತ್ತು, ಅದೇ ಸಮಸ್ಯೆ.

ವಾಲ್ವ್ ಮುಚ್ಚಿದ್ರಾ? ಈಗ ಲೆಕ್ಕ ಹಾಕಿ. ಕುಡಿಯೋಕೆ, ಅನ್ನ ಬೇಯಿಸೋಕೆ ಒಬ್ಬರಿಗೆ ದಿನಕ್ಕೆ 3 ಲೀಟರ್ ಹಿಡಿಯೋಣ. ನಾಲ್ಕು ಜನರ ಮನೆಗೆ 12 ಲೀಟರ್. ಅಷ್ಟೇನಾ ಅಂತೀರಾ? ಅಷ್ಟೇ. ಪಾತ್ರೆ, ಬಟ್ಟೆ, ಬಚ್ಚಲು ಬೇರೆ ಲೆಕ್ಕ. ಎರಡನ್ನೂ ಒಂದೇ ಬಕೆಟ್‌ನಲ್ಲಿ ಕಲಸಿದವರೇ ಮೊದಲು ಕಷ್ಟಕ್ಕೆ ಸಿಗೋದು.

ವಾಟರ್ ಫಿಲ್ಟರ್‌ನ ಹೊಟ್ಟೆಯಲ್ಲಿ ಆರೇಳು ಲೀಟರ್ ಶುದ್ಧ ನೀರು ಇರುತ್ತೆ, ಮೊದಲು ಅದನ್ನ ಬಳಸಿ. ಕರೆಂಟ್ ಇಲ್ಲದಿದ್ರೆ ಆರ್‌ಒ ಯಂತ್ರ ಮತ್ತೆ ತುಂಬಲ್ಲ. ಹಳೇ ಕಾಲದ ಕ್ಯಾಂಡಲ್ ಫಿಲ್ಟರ್‌ಗೆ ಆ ತಾಪತ್ರಯ ಇಲ್ಲ, ಅಟ್ಟದ ಮೇಲಿದ್ರೆ ಇಳಿಸಿ. ಆಮೇಲೆ ಗೀಸರ್. ಬಚ್ಚಲ ಹಂಡೆ ಹೋಗಿ ಗೀಸರ್ ಬಂತು, ಆದ್ರೆ ಅದರಲ್ಲೂ 15ರಿಂದ 25 ಲೀಟರ್ ನೀರು ನಿಂತಿರುತ್ತೆ ಅನ್ನೋದು ನಮಗೆ ಹೊಳೆಯಲ್ಲ. ಬಿಸಿನೀರಿನ ನಲ್ಲಿ ತಿರುಗಿಸಿದ್ರೆ ಅದು ಬರಲ್ಲ, ನಾನೇ ಪ್ರಯತ್ನ ಮಾಡಿ ನೋಡಿದ್ದೀನಿ. ಕೆಳಗಿನಿಂದ ತಣ್ಣೀರು ತಳ್ಳಿದ್ರೆ ಮಾತ್ರ ಬಿಸಿನೀರು ಹೊರಗೆ ಬರುವ ವ್ಯವಸ್ಥೆ ಅದು. ಮೊದಲು ಕರೆಂಟ್ ಆಫ್ ಮಾಡಿ. ಒಂದೆರಡು ಗಂಟೆ ಆರಲಿ, ಅವಸರ ಮಾಡಿ ಕೈ ಸುಟ್ಟುಕೊಳ್ಳಬೇಡಿ. ಗೀಸರ್‌ಗೆ ಬರುವ ತಣ್ಣೀರಿನ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದಿಟ್ಟು, ಗೀಸರ್ ತಳದ ತಣ್ಣೀರಿನ ಪೈಪ್ ಬಿಚ್ಚಿದ್ರೆ ಕೆಳಗಿಟ್ಟ ಬಕೆಟ್‌ಗೆ ನೀರು ಇಳಿಯುತ್ತೆ. ತಾರಸಿಯಲ್ಲಿ ಸೋಲಾರ್ ಇದ್ರಂತೂ ಕೇಳಲೇಬೇಡಿ, ಅದರ ಟ್ಯಾಂಕಿನಲ್ಲಿ 100, 200 ಲೀಟರ್ ಇರುತ್ತೆ.

ಓವರ್‌ಹೆಡ್ ಟ್ಯಾಂಕ್ ಖಾಲಿ ಅಂತೀರಿ. ನಿಜವಾಗ್ಲೂ ಖಾಲೀನಾ? ನೀರು ಇಳಿಯುವ ಪೈಪ್ ತಳದಿಂದ ಎರಡು ಮೂರು ಇಂಚು ಮೇಲಿರುತ್ತೆ. ಅದರ ಕೆಳಗಿನದ್ದು ನಲ್ಲಿಗೆ ಬರಲ್ಲ. 1000 ಲೀಟರ್ ಟ್ಯಾಂಕಿನಲ್ಲಿ ಒಂದೊಂದು ಇಂಚು ಅಂದ್ರೂ 20 ಲೀಟರ್‌ಗೆ ಮೋಸ ಇಲ್ಲ. ಸಂಪಿನ ಕಥೆಯೂ ಇದೇ. ಆರು ಅಡಿ ಉದ್ದ, ಆರು ಅಡಿ ಅಗಲದ ಸಂಪಿನಲ್ಲಿ ಮೋಟಾರ್ ಎಳೆಯಲಾಗದೆ ಬಿಟ್ಟ ಅರ್ಧ ಅಡಿ ನೀರು ಅಂದ್ರೆ ಸುಮಾರು 500 ಲೀಟರ್. ಆದ್ರೆ ದಯವಿಟ್ಟು ಒಂದು ಮಾತು ಕೇಳಿ. ಸಂಪಿನೊಳಗೆ ಯಾರೂ ಇಳಿಯಬೇಡಿ. ಮೋಟಾರಿನ ಸ್ವಿಚ್ ಆಫ್ ಮಾಡಿ, ಬಕೆಟ್‌ಗೆ ಹಗ್ಗ ಕಟ್ಟಿ ಸೇದಿ. ಮುಚ್ಚಿಟ್ಟ ಸಂಪಿನಲ್ಲಿ ಉಸಿರುಗಟ್ಟಿ, ಇಲ್ಲಾ ಕರೆಂಟ್ ಹೊಡೆದು ಸತ್ತವರ ಸುದ್ದಿಯನ್ನ ನಾನೇ ಎಷ್ಟು ಸಲ ಓದಿದ್ದೀನೋ ಲೆಕ್ಕ ಇಲ್ಲ. ಒಬ್ಬರು ಇಳೀತಾರೆ, ಅವರನ್ನ ಎತ್ತೋಕೆ ಇನ್ನೊಬ್ಬರು ಇಳೀತಾರೆ.

ತಳದ ನೀರಿನಲ್ಲಿ ಕೆಸರು ಇರುತ್ತೆ. ಒಂದು ರಾತ್ರಿ ತಿಳಿಯಾಗೋಕೆ ಬಿಡಿ, ಹಳೇ ಹತ್ತಿ ಸೀರೆಯನ್ನ ನಾಲ್ಕು ಮಡಿಕೆ ಮಾಡಿ ಸೋಸಿ. ಅಜ್ಜಿ ಮದ್ದು ಅಂತ ನಗಬೇಡಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತವರ ತಂಡ ಇದನ್ನೇ ಪರೀಕ್ಷೆ ಮಾಡಿ 2003ರಲ್ಲಿ ವರದಿ ಪ್ರಕಟಿಸಿತು. ಹಾಗೆ ಸೋಸಿ ಕುಡಿದವರಲ್ಲಿ ಕಾಲರಾ ಹೆಚ್ಚೂ ಕಡಿಮೆ ಅರ್ಧಕ್ಕೆ ಇಳಿದಿತ್ತು. ಅರ್ಧಕ್ಕೆ ಮಾತ್ರ, ಹಾಗಾಗಿ ಸೋಸಿದ ಮೇಲೆ ಕುದಿಸಲೇಬೇಕು. ಎಷ್ಟು ಹೊತ್ತು? ಬಿಸಿಯಾದ್ರೆ ಸಾಲದು. ಕೊತಕೊತ ಕುದಿಯೋಕೆ ಶುರುವಾದ ಮೇಲೆ ಪೂರ್ತಿ ಒಂದು ನಿಮಿಷ ಕುದೀಬೇಕು. ಇಪ್ಪತ್ತು ನಿಮಿಷ ಕುದಿಸಿ ಸಿಲಿಂಡರ್ ಖಾಲಿ ಮಾಡೋದು ಬೇಡ. ಗ್ಯಾಸ್ ಇಲ್ವಾ? ಕ್ಲೋರಿನ್ ಮಾತ್ರೆ ಹಾಕಿ, ಅರ್ಧ ಗಂಟೆ ಬಿಟ್ಟು ಕುಡೀರಿ. ಒಂದು ಮಾತ್ರೆ ಎಷ್ಟು ಲೀಟರ್‌ಗೆ ಅನ್ನೋದು ಪೊಟ್ಟಣದ ಮೇಲಿರುತ್ತೆ, ಓದಿಕೊಳ್ಳಿ. ನೆಲ ಒರೆಸುವ ಘಮಘಮ ಬ್ಲೀಚ್ ಮಾತ್ರ ಹಾಕಬೇಡಿ. ಬಿಸಿಲಿದ್ರೆ, ತಿಳಿ ನೀರನ್ನ ಬಣ್ಣವಿಲ್ಲದ ಪ್ಲಾಸ್ಟಿಕ್ ಬಾಟಲಿಗೆ ತುಂಬಿ ತಾರಸಿಯಲ್ಲಿ ಆರು ಗಂಟೆ ಮಲಗಿಸಿದ್ರೂ ರೋಗಾಣು ಸಾಯುತ್ತೆ. ಮೋಡ ಇದ್ರೆ ಎರಡು ದಿನ ಬೇಕು.

ಕುದಿಸಿದ್ರೂ ಆಗದ ನೀರು ಇದೆ. ಕಾರಿನ ರೇಡಿಯೇಟರ್ ನೀರಿನಲ್ಲಿ ಕೂಲಂಟ್ ಅನ್ನೋ ವಿಷ ಇರುತ್ತೆ. ಎಸಿಯಿಂದ ತೊಟ್ಟಿಕ್ಕುವ ನೀರು ಬೇಡ, ಆರ್‌ಒ ಹೊರಹಾಕುವ ನೀರೂ ಬೇಡ. ಚರಂಡಿ ನೀರು ನುಗ್ಗಿದ ಸಂಪನ್ನಂತೂ ಕುಡಿಯೋ ಲೆಕ್ಕದಿಂದ ತೆಗೆದುಬಿಡಿ. ಪೆಟ್ರೋಲು, ರಾಸಾಯನಿಕ ಯಾವುದೂ ಕುದಿಸಿದ್ರೆ ಹೋಗಲ್ಲ. ಬೋರ್‌ವೆಲ್‌ನ ನೈಟ್ರೇಟ್ ಕೂಡ ಹೋಗಲ್ಲ. ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತೆ. ಹಾಗಾಗಿ ಹಸುಗೂಸಿನ ಹಾಲಿನ ಪುಡಿ ಕಲಸೋಕೆ ಬೋರ್‌ವೆಲ್ ನೀರು ಬಳಸಬೇಡಿ. ಫಿಲ್ಟರ್‌ನ ಹೊಟ್ಟೆಯ ನೀರನ್ನ ಮಗುವಿಗೆ ಅಂತಲೇ ಎತ್ತಿಡಿ.

ಇದೆಲ್ಲ ಮುಗಿದ ಮೇಲೆ ಹೊರಗಡೆ ನೋಡೋಣ. ಕ್ಯಾನ್ ತಗೊಳ್ಳೋದಾದ್ರೆ ಸೀಲ್ ನೋಡಿ, ಐಎಸ್‌ಐ ಗುರುತಿನ ಜೊತೆ ಐಎಸ್ 14543 ಅನ್ನೋ ಸಂಖ್ಯೆ ಇದೆಯಾ ನೋಡಿ. ಬೀದಿಯ ಶುದ್ಧ ನೀರಿನ ಘಟಕ ನೆಚ್ಚಿಕೊಳ್ಳೋ ಹಾಗಿಲ್ಲ, ಅದರ ಹಿಂದಿರೋದೂ ಬೋರ್‌ವೆಲ್ಲು, ಕರೆಂಟು. ಇನ್ನು ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ 6000 ಲೀಟರ್‌ಗೆ 600 ರೂಪಾಯಿ, 12000 ಲೀಟರ್‌ಗೆ 1000 ರೂಪಾಯಿ ಅಂತ ದರ ಕಟ್ಟಿತ್ತು. ಆ ದರಕ್ಕೆ ನಿಮಗೆ ಸಿಕ್ಕಿತ್ತಾ, ನೀವೇ ಹೇಳಿ. ಸಿಕ್ಕಿದ್ರೂ ಅದು ಎಲ್ಲಿ ತುಂಬಿದ ನೀರು ಅಂತ ಡ್ರೈವರ್‌ನ ಕೇಳಿ. ಪಾತ್ರೆಗೆ, ಬಚ್ಚಲಿಗೆ ಧಾರಾಳವಾಗಿ ಬಳಸಿ. ಬಾಯಿಗೆ ಹಾಕೋದಾದ್ರೆ ಕುದಿಸಿ.

ಆ ತಾಯಿ ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿದ್ರು, ಪ್ರೋಗ್ರಾಂ ಮುಗಿದ ಮೇಲೆ. ಪರಿಚಯದವರು ಎರಡು ಕ್ಯಾನ್ ತಂದುಕೊಟ್ಟರಂತೆ, ಎದೆಮಟ್ಟ ನೀರಿನಲ್ಲಿ ತಲೆಮೇಲೆ ಹೊತ್ತುಕೊಂಡು. ಮನೆಯಲ್ಲಿ ಗೀಸರ್ ಇದೆಯಾ ಅಂತ ಕೇಳೋದು ಆಗ ನನಗೆ ಹೊಳೀಲಿಲ್ಲ. ಮಾತಿನ ಮಧ್ಯೆ ಅವರೇ ಹೇಳಿದ್ರು, "ಸಾರ್, ಕರೆಂಟ್ ಇಲ್ಲದಿದ್ರೂ ಸ್ನಾನಕ್ಕೆ ತೊಂದರೆ ಆಗ್ಲಿಲ್ಲ, ಮೇಲೆ ಸೋಲಾರ್ ಇತ್ತಲ್ಲ."