ಗರ್ಭಿಣಿಗೆ ರಕ್ತ ಕಂಡಾಗ: ಮೊದಲು ಆಸ್ಪತ್ರೆ, ಜೊತೆಗೆ ದುಆ

ಇಳಕಲ್ಲಿನ ಯುವಕರೊಬ್ಬರು ಅಸರ್ ನಮಾಝಿನ ಬಳಿಕ ನಮ್ಮ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು: “ಹಜರತ್, ಮನಿಯಾಕೀಗಿ ಮೂರು ತಿಂಗಳು. ನಿನ್ನೆಯಿಂದ ರಕ್ತ ಹೊಂಟೈತ್ರಿ. ನಮಾಝ್ ಬಿಡಬೇಕೇನ್ರಿ? ಒಂದು ತಾವೀಜ್ ಕೊಡ್ರಿ.” ಡಾಕ್ಟರಿಗೆ ತೋರಿಸಿದಿರಾ ಎಂದೆವು. “ಮಂದಿಗೆ ಗೊತ್ತಾಗ್ತೈತಿ, ಬ್ಯಾಡ ಅಂದ್ರು ಅಮ್ಮಿ.” ಮೊದಲು ಆಸ್ಪತ್ರೆಗೆ ಹೋಗಿ, ಮಸಲೆ ಆಮೇಲೆ ಎಂದು ಕಳಿಸಿದೆವು. ಆ ವಾರದ ಜುಮಾ ಬಯಾನಿನ ಸಾರ ಇದು.

ಈ ಮಾತು ಮಸೀದಿಯಲ್ಲೇಕೆ ಎನ್ನಬೇಡಿ. ಫಾತಿಮಾ ಬಿಂತೆ ಅಬೀ ಹುಬೈಶ್ (ರ) ನಿಲ್ಲದ ರಕ್ತಸ್ರಾವದ ಬಗ್ಗೆ ಪ್ರವಾದಿ (ಸ) ಅವರನ್ನೇ ಕೇಳಿದ್ದರು. ಅವರಿಗಿಲ್ಲದ ಸಂಕೋಚ ನಮಗೇಕೆ?

ಮೊದಲ 3 ತಿಂಗಳಲ್ಲಿ ಸುಮಾರು ನಾಲ್ವರು ಗರ್ಭಿಣಿಯರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ರಕ್ತ ಕಾಣುತ್ತದೆ. ಅವರಲ್ಲಿ ಬಹಳಷ್ಟು ಮಂದಿ ಆರೋಗ್ಯವಂತ ಮಗುವನ್ನೇ ಹೆರುತ್ತಾರೆ. ಆದ್ದರಿಂದ ಗಾಬರಿ ಬೇಡ. ಆದರೆ ಸುಮ್ಮನಿರುವುದೂ ಬೇಡ. ಕೆಲವೊಮ್ಮೆ ಗರ್ಭ ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿರುತ್ತದೆ. ನಾಳ ಒಡೆದರೆ ತಾಯಿಯ ಜೀವಕ್ಕೇ ಅಪಾಯ. ಇದು ತಿಳಿಯುವುದು ಸ್ಕ್ಯಾನಿಂಗ್ ಮತ್ತು ರಕ್ತ ಪರೀಕ್ಷೆಯಿಂದ, ನೆರೆಮನೆಯವರ ಊಹೆಯಿಂದಲ್ಲ. ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ, ಹೊಟ್ಟೆಯ ಒಂದು ಬದಿ ತೀವ್ರ ನೋವು, ಭುಜದ ತುದಿ ನೋವು, ತಲೆಸುತ್ತು, ಜ್ವರ—ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ಉಳಿದಂತೆ ಅದೇ ದಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ಹುನಗುಂದ, ಬಾದಾಮಿಯ ತಾಲ್ಲೂಕು ಆಸ್ಪತ್ರೆಗೋ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೋ ತೋರಿಸಿ. ರಕ್ತದ ಗುಂಪು ನೆಗೆಟಿವ್ ಇದ್ದರೆ ಮರೆಯದೆ ಹೇಳಿ. ಚುಚ್ಚುಮದ್ದು ಬೇಕಾಗಬಹುದು.

ಇನ್ನು ಮಸಲೆ. ಹನಫಿ ಮಝ್‌ಹಬಿನಲ್ಲಿ ಗರ್ಭಿಣಿಗೆ ಕಾಣುವ ರಕ್ತ ಹೈಝ್ ಅಲ್ಲ, ಇಸ್ತಿಹಾಝಾ. ನಮಾಝ್ ಬಿಡುವಂತಿಲ್ಲ. ತೊಳೆದುಕೊಂಡು ವುಝೂ ಮಾಡಿದರೆ ಸಾಕು, ಗುಸ್ಲ್ ಬೇಕಿಲ್ಲ. ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ಮಾಡಲಿ. ಉಪವಾಸದಿಂದ ತನಗೋ ಮಗುವಿಗೋ ತೊಂದರೆಯಾಗುವ ಭಯವಿದ್ದರೆ ಬಿಟ್ಟು, ಮುಂದೆ ಕಝಾ ಮಾಡಲಿ. ಗರ್ಭ ಇಳಿದಿದ್ದರೆ ಹುಕುಂ ಬೇರೆ. ಆಲಿಮರನ್ನು ಕೇಳಿ.

ಆ ಯುವಕರ ಮನೆಯಲ್ಲಿ, ಅಲ್‌ಹಮ್ದುಲಿಲ್ಲಾಹ್, ಮಗುವಿನ ಎದೆಬಡಿತ ಸ್ಕ್ಯಾನಿಂಗ್‌ನಲ್ಲಿ ಕಂಡಿತು. ಎಲ್ಲರಿಗೂ ಹಾಗಾಗುವುದಿಲ್ಲ. ಕಳೆದುಕೊಂಡವಳಿಗೆ “ಕೊಡ ಹೊತ್ತೆ, ಮಗ್ಗದ ಮೇಲೆ ಕೂತೆ, ಅದಕ್ಕೇ ಹೀಗಾಯಿತು” ಎನ್ನಬೇಡಿ. ಮೊದಲ ತಿಂಗಳುಗಳಲ್ಲಿ ಗರ್ಭ ನಿಲ್ಲದಿರಲು ಹೆಚ್ಚಿನ ಸಲ ಕಾರಣ ಭ್ರೂಣದ ವರ್ಣತಂತುಗಳಲ್ಲೇ ಇರುವ ದೋಷ, ತಾಯಿಯ ತಪ್ಪಲ್ಲ. ಅತ್ತೆಯಂದಿರೇ, ಅವಳ ಪಕ್ಕ ಕೂಡಿರಿ. ಗಂಡಂದಿರೇ, ಗಾಡಿ ತರುವವರು ನೀವು, ತಡ ಮಾಡಬೇಡಿ. ದುಆ ದಾರಿಯುದ್ದಕ್ಕೂ ಮಾಡಬಹುದು.

ಅಲ್ಲಾಹನು ನಮ್ಮ ತಾಯಂದಿರನ್ನೂ ಮಕ್ಕಳನ್ನೂ ಕಾಪಾಡಲಿ. ಆಮೀನ್.